ಟ್ಯಾಲಿನ್ನಿನಲ್ಲಿ ಮಲಗಿರುವ ಸೋಫಿಯಾ

ಆತ್ಮೀಯರೇ,

ಹೋದ ತಿಂಗಳು ಸ್ಟಾಕ್‌ಹೋಮಿನಿಂದ ರಾತ್ರಿ ಹಡಗು ಹತ್ತಿ ಎಸ್ಟೋನಿಯಾದ ಟ್ಯಾಲಿನ್ನಿಗೆ ಹೋಗಿ ಬಂದೆವು. ನಿಮ್ಮಲ್ಲೂ ಬಹಳ ಮಂದಿ ಹೋಗಿ ಬಂದಿರುತ್ತೀರಿ. ಗುಡ್ಡದ ಮೇಲಿನ ರಷ್ಯನ್ ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡು ಎಲ್ಲರೂ ಇಳಿದುಬಿಡುತ್ತಾರೆ. ಅಲ್ಲಿಂದ ಸ್ವಲ್ಪವೇ ಮುಂದೆ ಬಿಳಿ ಗೋಡೆಯ ಡೋಮ್ ಚರ್ಚ್ ಇದೆ. ಒಳಗೆ ಗೋಡೆಯ ತುಂಬ ಹಳೆಯ ಮನೆತನಗಳ ಮರದ ಲಾಂಛನಗಳು. ಒಂದು ಕಲ್ಲಿನ ಗೋರಿಯ ಮೇಲೆ ಗಂಡಹೆಂಡತಿ ಅಂಗಾತ ಮಲಗಿದ್ದಾರೆ. ಆತ ಯುದ್ಧಕವಚದಲ್ಲಿ, ಆಕೆ ಉದ್ದನೆಯ ಉಡುಪಿನಲ್ಲಿ. ಆತ ಪೋಂಟುಸ್ ದೆ ಲಾ ಗಾರ್ದಿ, ಸ್ವೀಡನ್ನಿನ ಸೇನಾಪತಿ. ಪಕ್ಕದಲ್ಲಿರುವವಳು ಸೋಫಿಯಾ ಯಿಲ್ಲೆನ್‌ಯೆಲ್ಮ್, ಸ್ವೀಡನ್ನಿನ ದೊರೆ ಮೂರನೇ ಯೂಹಾನನ ಮಗಳು.

ಮದುವೆಯಾಗದೆ ಪಡೆದ ಮಗಳು. ಇಂಥವರನ್ನು ‘ಅನೈತಿಕ ಸಂತಾನ’ ಎಂದು ಬರೆಯುವುದುಂಟು. ನನಗೆ ಹಾಗೆ ಬರೆಯಲು ಕೈ ಬರುವುದಿಲ್ಲ. ನೀತಿ, ಅನೀತಿ ಏನಿದ್ದರೂ ಹೆತ್ತವರದು, ಕೂಸಿಗೆ ಅದನ್ನೇಕೆ ಅಂಟಿಸಬೇಕು?

ತಾಯಿಯ ಹೆಸರು ಕಾರಿನ್ ಹಾನ್ಸ್‌ದೋತ್ತರ್. ಯೂಹಾನ್ ಆಗ ಇನ್ನೂ ದೊರೆಯಲ್ಲ, ಗುಸ್ತಾವ್ ವಾಸಾನ ಎರಡನೇ ಮಗ. 1556ರಲ್ಲಿ ಫಿನ್‌ಲ್ಯಾಂಡಿನ ಡ್ಯೂಕ್ ಆಗಿ ತುರ್ಕು ಕೋಟೆಗೆ ಬಂದ. ಕೆಲವು ವರ್ಷ ಕಾರಿನ್ ಅವನ ಮನೆಯೊಡತಿಯಂತೆಯೇ ಬಾಳಿದಳು. ಸೋಫಿಯಾ, ಯೂಲಿಯುಸ್, ಲುಕ್ರೇಶಿಯಾ ಎಂಬ ಮಕ್ಕಳಾದವು, ಇನ್ನೊಂದು ಗಂಡುಕೂಸು ಎಳೆಯದರಲ್ಲೇ ಹೋಯಿತು. ಆದರೆ ರಾಜನ ಮಗನಿಗೆ ರಾಜಮನೆತನದ ಹೆಣ್ಣೇ ಬೇಕು. 1561ರಲ್ಲಿ ಕಾರಿನ್‌ಳನ್ನು ತನ್ನ ಕಡೆಯ ಒಬ್ಬ ಸರದಾರನಿಗೆ ಮದುವೆ ಮಾಡಿಕೊಟ್ಟ, ಜೀವನಕ್ಕೆ ಕಾಂಗಸಾಲಾ ಎಂಬಲ್ಲಿ ವ್ಯಾಕ್ಸು ಎಂಬ ಜಮೀನು ಬರೆದುಕೊಟ್ಟ. ಮರುವರ್ಷವೇ ಪೋಲೆಂಡಿನ ರಾಜಕುಮಾರಿ ಕತಾರಿನಾ ಯಾಗೆಲೋನಿಕಾಳನ್ನು ವಿಲ್ನಿಯಸ್‌ನಲ್ಲಿ ಕೈಹಿಡಿದ.

ಮಕ್ಕಳನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. ಸೋಫಿಯಾ ಬೆಳೆದದ್ದು ಸೋದರತ್ತೆ ಎಲಿಸಬೆತ್ ರಾಜಕುಮಾರಿಯ ಪರಿವಾರದಲ್ಲಿ. ಅಪ್ಪ 1568ರಲ್ಲಿ ಅಣ್ಣ ಏರಿಕ್‌ನನ್ನು ಇಳಿಸಿ ದೊರೆಯಾದ. 1577ರಲ್ಲಿ ಈ ಮಕ್ಕಳಿಗೆ ‘ಯಿಲ್ಲೆನ್‌ಯೆಲ್ಮ್’ ಎಂಬ ಮನೆತನದ ಹೆಸರು ಕೊಟ್ಟ. ಚಿನ್ನದ ಶಿರಸ್ತ್ರಾಣ ಎಂದು ಅರ್ಥ. ಎಷ್ಟು ಜಾಗ್ರತೆಯಿಂದ ಆರಿಸಿದ ಹೆಸರು ನೋಡಿ: ಚಿನ್ನ ಉಂಟು, ಕಿರೀಟ ಇಲ್ಲ.

1580ರ ಜನವರಿಯಲ್ಲಿ ವಾಡ್‌ಸ್ತೇನಾದಲ್ಲಿ ಮದುವೆಯಾಯಿತು. ಮದುಮಗಳು ಇಪ್ಪತ್ತು ದಾಟಿದವಳು, ಮದುಮಗ ಅರವತ್ತರ ಹತ್ತಿರದವನು. ಪೋಂಟುಸ್ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನಲ್ಲಿ. ಕೂಲಿ ಸೈನಿಕನಾಗಿ ಡೇನರ ಪರ ಕಾದಾಡುತ್ತಿದ್ದಾಗ 1565ರಲ್ಲಿ ಸ್ವೀಡನ್ನಿಗೆ ಸೆರೆಸಿಕ್ಕಿ, ಇಲ್ಲಿಯವನೇ ಆಗಿಹೋದ. ಅಂಥವನನ್ನು ದೊರೆ ಅಳಿಯನನ್ನಾಗಿ ಕಟ್ಟಿಹಾಕಿಕೊಂಡ. ಸೋಫಿಯಾಳ ಮನಸ್ಸನ್ನು ಯಾರಾದರೂ ಕೇಳಿದ್ದರೇ? ಗೋರಿಯ ಮುಂದೆ ನಿಂತಾಗ ನನಗೆ ಮೊದಲು ಬಂದ ಯೋಚನೆ ಅದೇ.

ಮುಂದಿನದು ಮೂರೂವರೆ ವರ್ಷ ಅಷ್ಟೇ. 1581ರಲ್ಲಿ ಬ್ರಿತಾ, 1582ರಲ್ಲಿ ಯೂಹಾನ್, 1583ರ ಜೂನ್ 20ರಂದು ಯಾಕೋಬ್. ಆಗ ರೆವಾಲ್ ಎನ್ನುತ್ತಿದ್ದ ಈ ಟ್ಯಾಲಿನ್ನಿನಲ್ಲೇ ಯಾಕೋಬ್‌ನನ್ನು ಹೆರುವಾಗ ಸೋಫಿಯಾ ತೀರಿಕೊಂಡಳು. ವರ್ಷಕ್ಕೊಂದು ಹೆರಿಗೆ, ಮೂರನೆಯದರಲ್ಲಿ ಪ್ರಾಣ. ಎರಡು ವರ್ಷಕ್ಕೆ ನಾರ್ವಾ ನದಿಯಲ್ಲಿ ದೋಣಿ ಮುಳುಗಿ ಪೋಂಟುಸ್ ಕೂಡ ಹೋದ. ಮೂರು ಮಕ್ಕಳೂ ತಬ್ಬಲಿಗಳಾದವು.

ಶಿಲ್ಪಿ ಆರೆಂಟ್ ಪಾಸರ್ ಕಡೆದ ಆ ಗೋರಿಯ ಬದಿಯಲ್ಲಿ 1581ರ ನಾರ್ವಾ ಮುತ್ತಿಗೆಯ ಚಿತ್ರವಿದೆ. ಅದು ಗಂಡನ ಗೆಲುವು. ಹೆಂಡತಿ ಪಟ್ಟ ಪಾಡನ್ನು ಯಾವ ಕಲ್ಲಿನಲ್ಲೂ ಕಡೆದಿಲ್ಲ.

ಹಾಗಾದರೆ ಮಕ್ಕಳನ್ನು ಸಾಕಿದವರು ಯಾರು? ಡ್ಯೂಕನು ಕೈಬಿಟ್ಟಿದ್ದ ಅದೇ ಕಾರಿನ್. ಅಪ್ಪನ ಆಸ್ಥಾನ ಮಗಳನ್ನು ಅವಳಿಂದ ದೂರ ಬೆಳೆಸಿತ್ತು, ಈಗ ಮಗಳ ಮಕ್ಕಳು ಅಜ್ಜಿಯ ಮಡಿಲಿಗೆ ಬಂದವು. ಕಾಂಗಸಾಲಾದಲ್ಲಿ ಅವಳ ನೆರೆಯ ಲ್ಯೂಕ್ಸಿಯಾಲಾದಲ್ಲಿದ್ದವಳು ಇನ್ನೊಬ್ಬ ಕಾರಿನ್: ಸೈನಿಕನ ಮಗಳಾಗಿ ಹುಟ್ಟಿ ರಾಣಿಯಾಗಿ, ಪದವಿ ಕಳೆದುಕೊಂಡ ಏರಿಕ್‌ನ ವಿಧವೆ. ಅಣ್ಣತಮ್ಮಂದಿರು ಸಿಂಹಾಸನಕ್ಕಾಗಿ ಒಬ್ಬರನ್ನೊಬ್ಬರು ಸೆರೆಮನೆಗೆ ತಳ್ಳಿದರು, ಅವರ ಇಬ್ಬರು ಹೆಂಗಸರು ಫಿನ್‌ಲ್ಯಾಂಡಿನ ಒಂದೇ ಊರಲ್ಲಿ ಹೊಲಮನೆ ನೋಡಿಕೊಂಡು ಬಾಳಿದರು. ಈ ಸಂಗತಿ ತಿಳಿದ ದಿನದಿಂದ ಅದು ನನ್ನ ತಲೆಯಿಂದ ಇಳಿದಿಲ್ಲ.

ಅಜ್ಜಿ ಬೆಳೆಸಿದ ಯಾಕೋಬ್ ದೊಡ್ಡವನಾಗಿ 1610ರಲ್ಲಿ ಸೇನೆಯೊಂದಿಗೆ ಮಾಸ್ಕೋ ಹೊಕ್ಕ, ಮರುವರ್ಷ ನೋವ್ಗೊರೊದ್ ಹಿಡಿದ. ಅವನ ಮಗ ಮಾಗ್ನುಸ್ ಗಾಬ್ರಿಯೆಲ್. ಊರಿಂದ ಬಂದ ಅಪ್ಪ ಅಮ್ಮನನ್ನು ಉಪ್ಸಾಲಾಕ್ಕೆ ಕರೆದೊಯ್ದಾಗ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೇರಳೆ ಹಾಳೆಯ ಮೇಲೆ ಬೆಳ್ಳಿ ಅಕ್ಷರದ ಬೈಬಲ್ ತೋರಿಸುತ್ತೀರಲ್ಲ, 1669ರಲ್ಲಿ ಅದನ್ನು ಕೊಟ್ಟವನು ಅವನೇ, ಸೋಫಿಯಾಳ ಮೊಮ್ಮಗ.

ನಮ್ಮ ಮನೆಗಳಲ್ಲೂ ಮಗಳ ಬಾಣಂತನಕ್ಕೆಂದು ಮೂರು ತಿಂಗಳ ವೀಸಾದಲ್ಲಿ ಬಂದು, ಹೊರಗೆ ಹಿಮ ಬೀಳುತ್ತಿರುವಾಗ ಕೂಸಿಗೆ ಎಣ್ಣೆ ಹಚ್ಚಿ ನೀರೆರೆದು ಹೋದ ಅಜ್ಜಿಯರಿದ್ದಾರೆ. ಅವರ ಬಗ್ಗೆ ನಮ್ಮ ಈ ಪತ್ರಿಕೆ ಇಷ್ಟು ವರ್ಷಗಳಲ್ಲಿ ಒಂದು ಸಾಲೂ ಬರೆದಿಲ್ಲ. ಮುಂದಿನ ಸಂಚಿಕೆಯ ಎರಡು ಪುಟ ಅವರಿಗಾಗಿ ತೆಗೆದಿಟ್ಟಿದ್ದೇನೆ. ಹೆಸರು, ಊರು, ಬಂದ ವರ್ಷ, ಆ ಚಳಿಯಲ್ಲಿ ಅವರು ಮಾಡಿದ್ದು ಏನು, ಇಷ್ಟು ಬರೆದು ಕಳುಹಿಸಿ.

ಕಾರಿನ್ 1596ರಲ್ಲಿ ತೀರಿಕೊಂಡಳು. ಆಗ ಯಾಕೋಬ್‌ಗೆ ಹದಿಮೂರು.

ನಿಮ್ಮ ಸಂಪಾದಕಿ