ಓಎಸ್ ಬದಲಾಯಿತೇ? ಇಂಡೆಕ್ಸ್ ಮತ್ತೆ ಕಟ್ಟಿ

ಮಾನ್ಯರೇ,

ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ (ಓಎಸ್) ಸಿಗುತ್ತಿದ್ದ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡಿಸುತ್ತಿದ್ದ ಸಹಕಾರ ಸಂಘವಾಗಲಿ, ಗ್ರಂಥಾಲಯವಾಗಲಿ, ಕಾಲೇಜಾಗಲಿ ಹೊಸ ಲಿನಕ್ಸ್‌ಗೆ ಹೋಗಲೇಬೇಕು. ಹೋದ ಮೇಲೆ ‘ಹುಡುಕಿದರೆ ಸದಸ್ಯರ ಹೆಸರು ಬರುವುದಿಲ್ಲ, ಪೂರ್ತಿ ಪಟ್ಟಿ ತೆಗೆದರೆ ಇದೆ’ ಎಂಬ ದೂರು ಬಂದರೆ ಗುಮಾಸ್ತರನ್ನು ಬೈಯುವ ಮೊದಲು ಇಂಡೆಕ್ಸ್ (ಬೇಗ ಹುಡುಕಲೆಂದು ಡೇಟಾಬೇಸ್ ಅನುಕ್ರಮವಾಗಿ ಜೋಡಿಸಿಟ್ಟುಕೊಳ್ಳುವ ಸೂಚಿ) ನೋಡಿ.

ಅಕ್ಷರಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನ ಜಿಲಿಬ್‌ಸಿ (glibc) ಎಂಬ ತಂತ್ರಾಂಶ ಲೈಬ್ರರಿಯನ್ನು ಕೇಳಿ ತಿಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28 ಆ ಅನುಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿತು. ಸೆಂಟ್‌ಓಎಸ್ 7ರಲ್ಲಿರುವುದು 2.17, ಡೆಬಿಯನ್ 9ರಲ್ಲಿ 2.24, ಉಬುಂಟು 18.04ರಲ್ಲಿ 2.27; ಈ ಮೂರು ಲಿನಕ್ಸ್‌ಗಳೂ ಹಳೆಯ ಅನುಕ್ರಮದವು. ವ್ಯತ್ಯಾಸ ಕಣ್ಣಾರೆ ಕಾಣಬೇಕಿದ್ದರೆ 11 ಮತ್ತು 1-1 ಎಂಬ ಎರಡು ಸಾಲನ್ನು ಅಮೆರಿಕನ್ ಇಂಗ್ಲಿಷ್ ಯುಟಿಎಫ್-8 ಲೊಕೇಲ್‌ನಲ್ಲಿ (ಭಾಷಾ ಸೆಟ್ಟಿಂಗ್, en_US.UTF-8) ಸಾರ್ಟ್ ಆದೇಶಕ್ಕೆ ಕೊಡಿ. ಹಳೆಯ ಯಂತ್ರ 11 ಅನ್ನು ಮೊದಲಿಡುತ್ತದೆ, ಹೊಸದು 1-1 ಅನ್ನು. ನಮ್ಮ ಸರ್ವೆ ನಂಬರು, ರಸೀದಿ ನಂಬರುಗಳ ತುಂಬ ಇಂಥ ಅಡ್ಡಗೆರೆಗಳೇ!

ಡಿಸ್ಕ್ ಮೇಲಿನ ಬಿ-ಟ್ರೀ (ಮರದಂತೆ ಕವಲೊಡೆಯುವ) ಇಂಡೆಕ್ಸ್ ಹಳೆಯ ಅನುಕ್ರಮದಲ್ಲೇ ಕೂತಿರುತ್ತದೆ. ಹೊಸ ನಿಯಮ ಹಿಡಿದು ಹುಡುಕುವ ಸರ್ವರ್ ಬೇರೆ ಕವಲಿಗೆ ಹೊರಳಿ ‘ಇಲ್ಲ’ ಎಂದುಬಿಡುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯಬೇಕಾದ ಯುನಿಕ್ ಇಂಡೆಕ್ಸ್ ಹಳೆಯ ಸಾಲನ್ನು ಕಾಣದೆ ಅದೇ ಖಾತೆ ನಂಬರಿಗೆ ಇನ್ನೊಂದು ಸಾಲನ್ನು ಒಳಬಿಡುವುದು. ಸಂಖ್ಯೆ, ದಿನಾಂಕದ ಕಾಲಂಗಳಿಗೆ ಈ ಕಾಟವಿಲ್ಲ. ‘ಸಿ’ ಕೊಲೇಶನ್ (ಓಎಸ್ ಲೈಬ್ರರಿಯನ್ನು ಕೇಳದ ಅನುಕ್ರಮ ನಿಯಮ) ಇಟ್ಟ ಪಠ್ಯಕ್ಕೂ ಇಲ್ಲ.

ಯಾವ ರೀತಿ ಸಾಗಿಸಿದಿರಿ ಎಂಬುದರ ಮೇಲೆ ಎಲ್ಲ ನಿಂತಿದೆ. ದತ್ತಾಂಶವನ್ನು ಆದೇಶಗಳ ರೂಪದಲ್ಲಿ ಹೊರತೆಗೆಯುವ ಪಿಜಿ-ಡಂಪ್ ತೆಗೆದು ಹೊಸ ಯಂತ್ರದಲ್ಲಿ ರಿಸ್ಟೋರ್ ಮಾಡಿದರೆ ಇಂಡೆಕ್ಸ್‌ಗಳೂ ಅಲ್ಲೇ ಹೊಸದಾಗಿ ಹುಟ್ಟುತ್ತವೆ, ಚಿಂತೆಯಿಲ್ಲ. ಡೇಟಾ ಡೈರೆಕ್ಟರಿಯನ್ನೇ ನಕಲಿಸಿದರೆ, ಇರುವ ಫೈಲುಗಳನ್ನೇ ಹೊಸ ಆವೃತ್ತಿಗೆ ಒಯ್ಯುವ ಪಿಜಿ-ಅಪ್‌ಗ್ರೇಡ್ ಬಳಸಿದರೆ, ಹಳೆಯ ಓಎಸ್‌ನಿಂದ ಹೊಸದಕ್ಕೆ ಸ್ಟ್ರೀಮಿಂಗ್ ರೆಪ್ಲಿಕಾ (ಬದಲಾವಣೆಗಳನ್ನು ಸತತವಾಗಿ ಪಡೆಯುವ ನಕಲು ಸರ್ವರ್) ಕಟ್ಟಿ ಅದನ್ನೇ ಮುಖ್ಯ ಸರ್ವರ್ ಮಾಡಿದರೆ ಹಳೆಯ ಇಂಡೆಕ್ಸ್ ಹಾಗೆಯೇ ಜೊತೆಗೆ ಬರುತ್ತದೆ. ಆಗ ಬಳಕೆದಾರರನ್ನು ಒಳಬಿಡುವ ಮೊದಲೇ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟುವ ರೀಇಂಡೆಕ್ಸ್ ಡೇಟಾಬೇಸ್ ಆದೇಶ ಓಡಿಸಬೇಕು. ತಡವಾಗಿ ಓಡಿಸಿದರೆ ಅಷ್ಟರಲ್ಲಿ ಸೇರಿಕೊಂಡ ನಕಲಿ ಸಾಲುಗಳಿಂದಾಗಿ ಯುನಿಕ್ ಇಂಡೆಕ್ಸ್ ಕಟ್ಟಲು ಬರುವುದಿಲ್ಲ ಎಂದು ಅದು ನಿಂತುಬಿಡುತ್ತದೆ. ಯಾವ ಸಾಲು ಉಳಿಸಬೇಕು, ಯಾವುದು ಅಳಿಸಬೇಕು ಎಂಬುದನ್ನು ಲೆಕ್ಕಪತ್ರ ಬಲ್ಲವರೇ ಕೂತು ತೀರ್ಮಾನಿಸಬೇಕಾಗುತ್ತದೆ.

ಪೋಸ್ಟ್‌ಗ್ರೆಸ್ 15ರಿಂದ ಡೇಟಾಬೇಸ್ ತನ್ನ ಕೊಲೇಶನ್ ಆವೃತ್ತಿಯನ್ನು ನೆನಪಿಟ್ಟುಕೊಂಡು, ಹೊಂದದಿದ್ದರೆ ಎಚ್ಚರಿಸುತ್ತದೆ. ಆ ಎಚ್ಚರಿಕೆಯ ಕಿರಿಕಿರಿ ತಾಳದೆ ರಿಫ್ರೆಶ್ ಕೊಲೇಶನ್ ವರ್ಷನ್ ಆದೇಶ ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಅದು ಆವೃತ್ತಿಯ ಸಂಖ್ಯೆಯನ್ನಷ್ಟೇ ತಿದ್ದುತ್ತದೆ, ಇಂಡೆಕ್ಸ್ ಮುಟ್ಟುವುದಿಲ್ಲ. ರೀಇಂಡೆಕ್ಸ್ ಮೊದಲು, ರಿಫ್ರೆಶ್ ಆಮೇಲೆ.

ಮುಂದೆ ಈ ತಲೆನೋವೇ ಬೇಡವೆಂದರೆ ‘ಸಿ’ ಕೊಲೇಶನ್ ಇಡಬಹುದು, ಆದರೆ ಅದು ಯುನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸುತ್ತದೆ. ಯುನಿಕೋಡ್‌ನಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲೇ, ನಮ್ಮ ವರ್ಣಮಾಲೆಯಲ್ಲಿ ‘ಹ’ದ ನಂತರ. ಹಾಗಾಗಿ ‘ಕವಿತಾ’ಗಿಂತ ಮೊದಲು ‘ಕಳಸ’ ಬಂದು ಕೂರುತ್ತದೆ. ಅಚ್ಚಿಗೆ ಹೋಗುವ ಪಟ್ಟಿಯ ಕ್ವೆರಿಯಲ್ಲಿ ಮಾತ್ರ ಐಸಿಯು ಎಂಬ ಯುನಿಕೋಡ್ ಲೈಬ್ರರಿಯ ಕನ್ನಡ ಕೊಲೇಶನ್ ಹೆಸರಿಸಿ, ಇದೇ ಎರಡು ಪದ ಕೊಟ್ಟು ಫಲಿತಾಂಶ ನೋಡಿಕೊಳ್ಳಿ.

ಹುಡುಕಿದ್ದು ಸಿಗದಿರುವುದಕ್ಕೆಲ್ಲ ಇಂಡೆಕ್ಸೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ‘ರಾಜ್‌ಕುಮಾರ್’ ಎಂದು ಬರೆಯಲು ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದು ಬೇಕು, ಅದಿಲ್ಲದ ‘ರಾಜ್ಕುಮಾರ್’ ಡೇಟಾಬೇಸಿನ ಲೆಕ್ಕದಲ್ಲಿ ಬೇರೆಯೇ ಹೆಸರು. ಇದನ್ನು ರೀಇಂಡೆಕ್ಸ್ ಸರಿಪಡಿಸುವುದಿಲ್ಲ. ಹುಡುಕುವ ಕಾಲಂನಲ್ಲಿ ಆ ಚಿಹ್ನೆ ತೆಗೆದ ರೂಪವನ್ನು ಪ್ರತ್ಯೇಕವಾಗಿ ಇಡಬೇಕು.

ಸರ್ವರ್ ಬದಲಿಸಲು ಟೆಂಡರ್ ಕರೆಯುವ ಸಂಸ್ಥೆಗಳು ಒಂದು ಷರತ್ತು ಸೇರಿಸಲಿ: ಪೋಸ್ಟ್‌ಗ್ರೆಸ್‌ನ ಆಮ್‌ಚೆಕ್ ಎಕ್ಸ್‌ಟೆನ್ಶನ್‌ನಿಂದ (ಇಂಡೆಕ್ಸ್ ಪರೀಕ್ಷಿಸುವ ಹೆಚ್ಚುವರಿ ಸಾಧನ), ಟೇಬಲ್‌ನ ಪ್ರತಿ ಸಾಲೂ ಇಂಡೆಕ್ಸ್‌ನಲ್ಲಿದೆಯೇ ಎಂದು ನೋಡುವ ಆಯ್ಕೆಯೊಡನೆ ಎಲ್ಲ ಬಿ-ಟ್ರೀಗಳನ್ನು ಪರೀಕ್ಷಿಸಿದ ವರದಿ ಬಂದ ಮೇಲಷ್ಟೇ ಕೊನೆಯ ಕಂತಿನ ಹಣ. ಆ ವರದಿ ಕೈಸೇರುವ ತನಕ ಹಳೆಯ ಯಂತ್ರದ ಡಿಸ್ಕ್ ಅಳಿಸಬಾರದು.

– ಡೇಟಾಬೇಸ್ ನಿರ್ವಾಹಕರು, ಮೈಸೂರು