ಸಾಲ ಸಿಗದೋರ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ಮಷಿನ್ ಲರ್ನಿಂಗ್ (ಡೇಟಾ ನೋಡಿ ಕಂಪ್ಯೂಟರೇ ಕಲಿತು ಊಹಿಸೋ ವಿಧಾನ) ಇದ್ರೆ ಯಾರ ಬದುಕು ಹೇಗಾಗುತ್ತೆ ಅಂತ ಮೊದಲೇ ಹೇಳಬಹುದು ಅನ್ನೋರು ಜಾಸ್ತಿ ಆಗಿದಾರೆ, ಆದ್ರೆ ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ಕುಟುಂಬಗಳ ಡೇಟಾ ಕೊಟ್ಟು ಮಕ್ಕಳ ಮಾರ್ಕ್ಸು, ಮನೆಯ ಕಷ್ಟ ಎಲ್ಲ ಊಹಿಸಿ ಅಂದಾಗ 160 ತಂಡಗಳು ಏನೇನೋ ಮಾಡೆಲ್ ಕಟ್ಟಿದ್ರೂ, ಬರೀ ನಾಲ್ಕು ಅಂಶ ಇಟ್ಕೊಂಡು ಲೆಕ್ಕ ಹಾಕೋ ಸರಳ ಅಂಕಿಅಂಶ ವಿಧಾನವಾದ ರಿಗ್ರೆಷನ್‌ಗಿಂತ ಒಂಚೂರು ಮಾತ್ರ ಮುಂದೆ ಹೋಗೋಕಾಯ್ತು. 2020ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಸಾಲ ವಾಪಸ್ ಕಟ್ತಾರಾ ಅಂತ ಊಹಿಸೋ ಸಾಲದ ಸ್ಕೋರ್‌ನಲ್ಲಂತೂ ಇನ್ನೂ ದೊಡ್ಡ ತೊಂದರೆ ಇದೆ. ಸಾಲ ಸಿಕ್ಕವರು ಕಟ್ಟಿದ್ರಾ ಇಲ್ವಾ ಅನ್ನೋದಷ್ಟೇ ಡೇಟಾದಲ್ಲಿರುತ್ತೆ, ಅರ್ಜಿ ರಿಜೆಕ್ಟ್ ಆದೋರು ಕಟ್ತಿದ್ರೋ ಏನೋ ಗೊತ್ತೇ ಆಗಲ್ಲ, ಅದರಲ್ಲೇ ಕಲಿತ ಮಾಡೆಲ್ ಅಂಥೋರನ್ನೇ ಮತ್ತೆ ಮತ್ತೆ ಹೊರಗಿಡುತ್ತೆ. ಇದು ಅನ್ಯಾಯ. ಬ್ಯಾಂಕುಗಳು ಅಂಥ ಅರ್ಜಿಗಳಲ್ಲಿ ಒಂದಿಷ್ಟನ್ನ ಚೀಟಿ ಎತ್ತಿ ಮಂಜೂರು ಮಾಡಿ ನೋಡ್ಲಿ, ರಿಜೆಕ್ಟ್ ಮಾಡಿದ್ರೆ ಕಾರಣನಾದ್ರೂ ಬರೆದು ಕೊಡ್ಲಿ.

- ಒಬ್ಬ ಓದುಗ