ಎಲ್ಲ ಬಲ್ಲ ನಿರೂಪಕ, ಸೋಲದ ಶೆಟ್ಟರು

ಮಾಟುಂಗಾ, ಮುಂಬಯಿ

ಪ್ರೀತಿಯ ತಮ್ಮ,

ನಿನ್ನ ಕಾದಂಬರಿಯ ಮೊದಲ ನಾಲ್ಕು ಅಧ್ಯಾಯ ಓದಿದೆ. ಹೋಟೆಲಿನ ಶೆಟ್ಟರು ಒಂದು ಫೋನು ಮಾಡಿದರೆ ವಾರ್ಡ್ ಆಫೀಸಿನ ನೋಟಿಸೂ ಮಾಯ, ಪಗಡಿ ಜಾಗದ (ಇಡುಗಂಟು ಕೊಟ್ಟು ಹಿಡಿದ ಬಾಡಿಗೆ ಜಾಗದ) ತಕರಾರೂ ಮಾಯ. ಮೂರನೆಯ ಸಲ ಅವರು ಫೋನಿಗೆ ಕೈ ಹಾಕುವಾಗ ಓದುಗ ಆಕಳಿಸುತ್ತಾನೆ. ಶೆಟ್ಟರ ಶಕ್ತಿ ಇಳಿಸು ಅನ್ನುತ್ತಿಲ್ಲ. ಅದಕ್ಕೊಂದು ಕಟ್ಟು ಹಾಕು, ಆ ಕಟ್ಟು ಮೊದಲ ಅಧ್ಯಾಯದಲ್ಲೇ ಓದುಗನಿಗೆ ಗೊತ್ತಿರಲಿ.

ಮಹಾಭಾರತದ ಕೃಷ್ಣ ಮನಸ್ಸು ಮಾಡಿದರೆ ಯುದ್ಧ ಒಂದು ದಿನದ್ದು. ಆದರೆ ಆಯುಧ ಹಿಡಿಯೆನೆಂಬ ಮಾತನ್ನು ಉದ್ಯೋಗಪರ್ವದಲ್ಲೇ ಕೊಟ್ಟಾಗಿದೆ. ಭೀಷ್ಮಪರ್ವದಲ್ಲಿ ಅವನು ಚಕ್ರ ಹಿಡಿದು ಭೀಷ್ಮನ ಮೇಲೆ ನುಗ್ಗುತ್ತಾನೆ, ಅರ್ಜುನ ಹಿಂದೆಯೇ ಓಡಿ ತಡೆಯುತ್ತಾನೆ. ಆಗ ನಮ್ಮ ಎದೆ ಹೊಡೆದುಕೊಳ್ಳುವುದು ಭೀಷ್ಮ ಸಾಯುತ್ತಾನೋ ಎಂದಲ್ಲ, ಕೃಷ್ಣ ಮಾತು ಮುರಿಯುತ್ತಾನೋ ಎಂದು. ನಿನ್ನ ಶೆಟ್ಟರಿಗೂ ಏನೇ ಆದರೂ ಹಚ್ಚಬಾರದ ಒಂದು ನಂಬರು ಇರಲಿ. ಮಾಡಿಸಿಕೊಂಡ ಕೆಲಸಕ್ಕೆ ಋಣವೂ ಇರಲಿ: ನೋಟಿಸು ಮುಚ್ಚಿಹಾಕಿದವನು ಎರಡು ಅಧ್ಯಾಯ ಕಳೆದು, ಭಾವಮೈದುನನನ್ನು ಗಲ್ಲಾದಲ್ಲಿ ಕೂರಿಸಿ ಅಂತ ಬರಬೇಕು. ಕೊನೆಗೆ ದಿಢೀರನೆ ಒಂದು ದೌರ್ಬಲ್ಯ ತಂದು ಅಂಟಿಸಿದರೆ ಯಾರೂ ನಂಬುವುದಿಲ್ಲ.

ಎಲ್ಲರ ಮನಸ್ಸನ್ನೂ ಬಲ್ಲ ನಿನ್ನ ನಿರೂಪಕನ ತೊಂದರೆ ಇನ್ನೂ ದೊಡ್ಡದು. ನಿನ್ನದೇ ಸಾಲುಗಳು: ‘ಶೆಟ್ಟರು ಗಲ್ಲಾದಲ್ಲಿ ಕೂತಿದ್ದರು. ಮುದುಕ ಇವತ್ತೂ ಸಂಬಳ ಕೊಡುವುದಿಲ್ಲ ಅಂದುಕೊಂಡ ಮಾಣಿ. ಅವನ ನೋಟ ಕಂಡು ಶೆಟ್ಟರಿಗೆ ಕಸಿವಿಸಿಯಾಯಿತು.’ ಮೂರು ವಾಕ್ಯದೊಳಗೆ ಎರಡು ಮನಸ್ಸು ಹೊಕ್ಕು ಬಂದೆ, ಎರಡರಲ್ಲೂ ನಿಲ್ಲಲಿಲ್ಲ. ಒಂದು ಪ್ಯಾರಾ ಪೂರ್ತಿ ಮಾಣಿಯ ಜೊತೆಗಿರು. ದಾಟುವಾಗ ಇಬ್ಬರ ಕಣ್ಣಿಗೂ ಬೀಳುವ ವಸ್ತುವೊಂದನ್ನು ಹಿಡಿದು ದಾಟು: ಮಾಣಿ ಬಿಲ್ಲಿನ ಚೀಟಿ ತಂದಿಡಲಿ, ಮುಂದಿನ ಪ್ಯಾರಾದಲ್ಲಿ ಶೆಟ್ಟರು ಅದರ ಮೇಲಿನ ಸಾಂಬಾರಿನ ಕಲೆ ನೋಡಲಿ. ಪಾತ್ರಕ್ಕೊಂದು ಬಣ್ಣದ ಪೆನ್ಸಿಲು ಇಟ್ಟುಕೊಂಡು, ಯಾರ ಮನಸ್ಸಿನ ಮಾತೋ ಆ ಬಣ್ಣದ ಗೆರೆ ಎಳೆ. ಒಂದೇ ಪ್ಯಾರಾದಲ್ಲಿ ಎರಡು ಬಣ್ಣ ಕಂಡರೆ ಅಲ್ಲಿ ಒಡೆ. ಸಣ್ಣ ಕತೆಗೆ ಎರಡು ಮನಸ್ಸು ಧಾರಾಳ.

ಕ್ರಿಯಾಪದದ ತುದಿಯನ್ನೂ ಗಮನಿಸು. ‘ಶೆಟ್ಟರು ಬಂದರು, ಮಾಣಿ ಓಡಿದ’ ಎಂದರೆ ಆ ಮರ್ಯಾದೆ ಹೋಟೆಲಿನವರದ್ದು. ಮೇಲಿಂದ ನೋಡುವ ನಿರೂಪಕನಿಗೆ ಯಜಮಾನನೂ ಮಾಣಿಯೂ ಒಂದೇ ಆಗಿದ್ದರೆ ಇಬ್ಬರಿಗೂ ಏಕವಚನವೇ ಹಾಕಬೇಕು. ನೀನು ಪುಟಕ್ಕೊಂದು ಥರ ಬರೆದಿದ್ದೀಯ. ‘ಹೆಂಡತಿ ಊರಿಗೆ ಹೋದಳಂತೆ’ ಎಂಬ ಸಾಲನ್ನೂ ನೋಡು. ಎಲ್ಲ ಬಲ್ಲವನಿಗೆ ‘ಅಂತೆ’ ಯಾಕೆ? ಅದು ಅಡಿಗೆಮನೆಯ ಸುದ್ದಿ, ಭಟ್ಟರ ಬಾಯಲ್ಲಿ ಹೇಳಿಸು. ಬೇಕಿದ್ದರೆ ಇಡೀ ಕಾದಂಬರಿಯನ್ನೇ ‘ಅಂತೆ’ಯಲ್ಲಿ ಹೇಳುವ ಹರಟೆಮಲ್ಲ ನಿರೂಪಕನನ್ನು ತಾ, ನನಗಂತೂ ಇಷ್ಟ. ಆದರೆ ಅವನು ಶೆಟ್ಟರ ಕನಸಿನೊಳಗೆ ಹೋಗುವಂತಿಲ್ಲ.

ಎರಡನೇ ಅಧ್ಯಾಯದಲ್ಲಿ ಶೆಟ್ಟರ ಮನಸ್ಸಿನೊಳಗೆ ಕೂತು ನೋಟು ಎಣಿಸಿದ್ದೀಯ, ಪಾಲುದಾರನ ಕಾಗದ ಕದ್ದವರು ಅವರೇ ಎಂಬುದನ್ನು ಮಾತ್ರ ಬಚ್ಚಿಟ್ಟಿದ್ದೀಯ. ಇದು ಅನ್ಯಾಯ. ಒಂದೋ ಆ ದೃಶ್ಯದಲ್ಲಿ ಒಳಗೆ ಹೋಗದೆ ಅವರ ಕೈಬೆರಳಷ್ಟೇ ತೋರಿಸು, ಇಲ್ಲವೇ ಕಳ್ಳತನವನ್ನು ಮೊದಲೇ ಹೇಳಿಬಿಡು. ಸಂಜಯ ಮಾಡುವುದು ಅದನ್ನೇ: ಭೀಷ್ಮ ಬಿದ್ದ ಎಂದು ಮೊದಲು ಹೇಳಿ, ಆಮೇಲೆ ಹತ್ತು ದಿನದ ಯುದ್ಧ ಬಿಡಿಸುತ್ತಾನೆ. ಹೇಗೆ ಬಿದ್ದ ಎಂದು ಧೃತರಾಷ್ಟ್ರ ಕೇಳುತ್ತಲೇ ಇರುತ್ತಾನೆ.

ಮೊದಲು ಎರಡನೇ ಅಧ್ಯಾಯ ತಿದ್ದಿ ಕಳಿಸು. ಡೊಂಬಿವಲಿ ಚಾಳಿನ ಅಧ್ಯಾಯಕ್ಕೆ ಕೈ ಹಚ್ಚಬೇಡ. ಅಲ್ಲಿ ಅಜ್ಜಿಯ ಕಿವಿಗೆ ಬಿದ್ದಷ್ಟೇ ನಮಗೂ ಕೇಳಿಸುತ್ತದೆ, ಚೆನ್ನಾಗಿದೆ.